ಅಪ್ಪನ ಕೂಗು

ಕುಡುಕನ ಮಾತು ಬೆಳಗಾದರೆ ಹೋಯಿತು ಅನ್ನುತ್ತಾರೆ. ನಮ್ಮಪ್ಪ ಬೊಮ್ಮಣ್ಣನದು ಹಾಗಲ್ಲ ನೋಡಿ. ಚಳ್ಳಕೆರೆಯ ಬಾರಿನಲ್ಲಿ ಆಡಿದ ಮಾತು ಬೆಳಿಗ್ಗೆ ಟೆಂಪೊ ಹತ್ತಿಕೊಂಡು ಮನೆ ಬಾಗಿಲಿಗೇ ಬಂತು.

ಇಳಿದವನು ಗೋವರ್ಧನ, ಮೊಳಕಾಲ್ಮೂರಿನ ಕುರಿ ವ್ಯಾಪಾರಿ. "ಬೊಮ್ಮಣ್ಣ ಮಂದೆ ಪೂರ್ತಿ ಕೊಡ್ತೀನಿ ಅಂದಿದಾನೆ" ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಆ ಕುರಿಗಳಿಂದಲೇ ನಮ್ಮ ಒಲೆ ಉರಿಯುತ್ತಿದ್ದುದು. ಅವು ಹೋದರೆ ಅವ್ವನೂ ನಾನೂ ಕಂಡವರ ಶೇಂಗಾ ಹೊಲಕ್ಕೆ ಕೂಲಿಗೆ ಹೋಗಬೇಕು. ನನಗೆ ಪಿತ್ತ ನೆತ್ತಿಗೇರಿತು. ಸ್ವಪ್ನ ಅಂತ ಹೆಸರಷ್ಟೇ ಮೆತ್ತಗೆ, ನಾಲಿಗೆಯಲ್ಲ.

"ಯಾರನ್ನ ಕೇಳಿ ಮಾರ್ತೀಯಪ್ಪ? ಹೆರಿಗೆ ಮಾಡ್ಸಿದೋಳು ನಾನು, ಮೇಯ್ಸಿದೋಳು ನಾನು!"

"ನನ್ನ ಮಂದೆ ಕಣೆ. ಬಾಯ್ಮುಚ್ಚು" ಎಂದ ಅಪ್ಪ. ಬೆಳಗಿನ ಹೊತ್ತೇ ವಾಸನೆ ಗಪ್ಪೆಂದಿತು.

ಗೋವರ್ಧನ ಒಮ್ಮೆ ಕದ್ದ ಕುರಿ ಕೊಂಡು ಪೊಲೀಸ್ ಠಾಣೆ ಕಂಡವನಂತೆ. ಅಂದಿನಿಂದ ಅವನದೊಂದು ನೇಮ: ಯಜಮಾನ ಕುರಿ ಕೂಡಿದ ರೊಪ್ಪದ ಬೇಲಿಯಾಚೆ ನಿಂತು ಕೂಗಬೇಕು, ಕುರಿ ತಾವಾಗಿ ಹೊರಗೆ ಬರಬೇಕು. ಕೋಲು ಎತ್ತುವಂತಿಲ್ಲ. "ಕೂಗು ಬೊಮ್ಮಣ್ಣ. ಬಂದ್ರೆ ಹತ್ತಿಸ್ತೀನಿ" ಎಂದ.

ಆ ಕೂಗಿನ ಕಥೆ ಹೇಳಬೇಕು. ನಾನು ಚಿಕ್ಕವಳಿದ್ದಾಗ ಅಪ್ಪ "ಬ್ಬಾ... ಹುರ್ರ್... ಬ್ಬಾ" ಎಂದರೆ ನಮ್ಮ ಮೇವಿನ ಬಯಲಾದ ದೊಡ್ಡಉಳ್ಳಾರ್ತಿ ಕಾವಲಿನ ಆ ತುದಿಯಿಂದ ಕುರಿಗಳು ಓಡಿ ಬರುತ್ತಿದ್ದವು. ಆಗ ಅವನು ಕುಡಿಯುತ್ತಿರಲಿಲ್ಲ. ಆಮೇಲೆ ಹಿಡಿಯಿತು ಚಟ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಹುಡುಕಿಕೊಂಡು ಹೋದರೆ, ಅಪ್ಪ ಜಾಲಿ ಮರದಡಿ ಬಿದ್ದಿದ್ದ, ಕುರಿ ದಿಕ್ಕಾಪಾಲಾಗಿದ್ದವು. ಅಳುತ್ತ ಕೂಗಿದೆ. ಒಂದೂ ತಿರುಗಿ ನೋಡಲಿಲ್ಲ. ಅಳುವ ದನಿಗೆ ಕುರಿ ಬರುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಕಣ್ಣು ಮೂಗು ಲಂಗಕ್ಕೆ ಒರೆಸಿಕೊಂಡು, ಅಪ್ಪನ ಹಾಗೇ ಗಂಟಲು ದಪ್ಪ ಮಾಡಿ ಕೂಗಿದೆ. ಬಂದವು! ಅಂದಿನಿಂದ ಅವನ ಮೇಲೆ ಸಿಟ್ಟು ಬಂದಾಗಲೆಲ್ಲ ಕಾವಲಿಗೆ ಹೋಗಿ ಜೋರಾಗಿ ಕೂಗುತ್ತಿದ್ದೆ. ಅಳುವುದಕ್ಕಿಂತ ಅದು ಮೇಲು.

ಈಗ ಅಪ್ಪ ಬೇಲಿ ಹಿಡಿದುಕೊಂಡು ಕೂಗಿದ. ನಾಲಿಗೆ ಹೊರಳಲಿಲ್ಲ. ಕುರಿಗಳು ತಲೆ ಎತ್ತಿದವು, ಹಿಂದೆ ಹಿಂದೆ ಸರಿದು ಮೂಲೆಗೆ ಒತ್ತಿಕೊಂಡವು. ಮತ್ತೆ ಕೂಗಿದ. ಅವುಗಳ ತಾಯಿ ಹೆಸರು ಹಿಡಿದು ಬೈದ.

"ಸರಿ, ನಾನು ಕೂಗ್ತೀನಿ. ಯಾರ ಮಂದೆ ನೋಡಿ" ಎಂದೆ. ಬೇಲಿಯಾಚೆ ಅಪ್ಪನ ಪಕ್ಕ ಹೋಗಿ ನಿಂತೆ. ದನಿ ನಡುಗಲಿಲ್ಲ. "ಬ್ಬಾ... ಹುರ್ರ್... ಬ್ಬಾ!" ಮಂದೆಗೆ ಮಂದೆಯೇ ನುಗ್ಗಿ ಬಂದು ನನ್ನ ಸುತ್ತ ನಿಂತಿತು.

ಗೋವರ್ಧನ ನಕ್ಕುಬಿಟ್ಟ. "ಯಜಮಾನಿ ಬೇರೆ ಇದಾಳಲ್ಲಪ್ಪ! ನಡಿ, ಗಾಡಿ ತಿರುಗ್ಸು" ಎಂದು ಡ್ರೈವರಿಗೆ ಹೇಳಿದ.

ಟೆಂಪೊ ಹೋದ ಮೇಲೂ ಅಪ್ಪ ನನ್ನನ್ನೇ ನೋಡುತ್ತ ನಿಂತಿದ್ದ. "ಅದು ನನ್ನ ಕೂಗಲ್ವೇನೆ?"

"ಹೂಂ ಕಣಪ್ಪ, ನಿಂದೇ. ನೀನು ಕುಡೀದೆ ಇದ್ದಾಗಿಂದು. ಜೋಪಾನ ಮಾಡಿಟ್ಟಿದೀನಿ."

ಅವನ ತುಟಿ ಅದುರಿತು. ಆದರೆ ಕುರಿಗಳಿಗೆ ಹಸಿವಾಗಿತ್ತು. ಅವ್ವನ ಕೈಯಿಂದ ಬುತ್ತಿ ಇಸಿದುಕೊಂಡೆ.

"ಬಾಟ್ಲಿ ಬಿಟ್ಟು ಬರೋದಾದ್ರೆ ಹಿಂದೆ ಬಾ. ನಾನಂತೂ ಕಾಯಲ್ಲ" ಎಂದು ಮಂದೆ ಹೊಡೆದುಕೊಂಡು ಕಾವಲಿನತ್ತ ನಡೆದೆ.