ಲವೀನಾಳ ಪ್ರಚಾರ

"ಅವನಿಗೆ ಮಾತ್ರ ಮತ ಹಾಕಬೇಡ ಬಾರ್ನಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಲವೀನಾ, ಒಗೆದು ಒಣಗಿಸಿದ ಅಂಗಿಯನ್ನು ಅವನ ಕೈಗೆ ತುರುಕುತ್ತ.

ಮೀಸೆಯೆಲ್ಲ ನರೆತ ಸಿಪಾಯಿ ಬಾರ್ನಿ ಅಂಗಿಯ ಗುಂಡಿ ಎಣಿಸುವುದನ್ನು ಬಿಟ್ಟು ತಲೆಯೆತ್ತಿದ. "ಯಾರಿಗೆ? ನಿನ್ನ ಗಂಡನಿಗಾ?"

"ಇನ್ಯಾರಿಗೆ ಮತ್ತೆ."

ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧದ ಮೊದಲ ಚಳಿಗಾಲ. ದಕ್ಷಿಣದವರ ಸೇನೆ ಕೆಂಟಕಿಯ ಹೊಳೆಯ ಆಚೆ, ಇಂಡಿಯಾನಾದಿಂದ ಬಂದ ಈ ದಳ ಈಚೆ. ದಳದವರೆಲ್ಲ ರೈತರು, ಬಡಗಿಗಳು, ಗಿರಣಿಯವರು. ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಳ್ಳುತ್ತೇವೆಂಬ ಮಾತಿನ ಮೇಲೇ ಬಂದೂಕು ಹಿಡಿದವರು. ಲೆಫ್ಟಿನೆಂಟನೊಬ್ಬ ಕೀಲುನೋವೆಂದು ರಾಜೀನಾಮೆ ಕೊಟ್ಟು ಊರ ದಾರಿ ಹಿಡಿದಿದ್ದ. ಆ ಜಾಗಕ್ಕೆ ಈಗ ಇಬ್ಬರು. ಒಬ್ಬ ವಕೀಲರ ಮಗ, ಮಾತಿನ ಮಲ್ಲ ಸಾರ್ಜೆಂಟ್ ಪೂಲ್. ಇನ್ನೊಬ್ಬ ಕಾರ್ಪೊರಲ್ ಹೈರಮ್ ಸ್ಟ್ರೌಡ್, ಕಂಡವರ ಹೊಲದಲ್ಲಿ ಕೂಲಿ ಮಾಡಿಯೇ ದೊಡ್ಡವನಾದವನು. ಹೈರಮ್ ತಾನಾಗಿ ನಿಂತದ್ದಲ್ಲ, ಹುಡುಗರು ನಿಲ್ಲಿಸಿದ್ದು.

ಲವೀನಾಳ ಸಂಕಟ ಬೇರೆಯೇ ಇತ್ತು. ಸಿಪಾಯಿಯ ಹೆಂಡತಿ ಬಟ್ಟೆ ಒಗೆಯುವವಳಾಗಿ ದಳದ ಜೊತೆಯಲ್ಲೇ ಇರಬಹುದು, ಅಧಿಕಾರಿಯ ಹೆಂಡತಿ ಹಾಗೆ ಇರಕೂಡದು ಎಂದು ಅವರ ಕರ್ನಲ್ಲನ ಕಟ್ಟಪ್ಪಣೆ. ಹೈರಮ್ ಗೆದ್ದರೆ ಅವಳು ಗಂಟು ಕಟ್ಟಿಕೊಂಡು ಅತ್ತೆಯ ಮನೆಗೆ ಹೋಗಬೇಕು. ಅಲ್ಲಿ ಅತ್ತೆಯ ಮೂದಲಿಕೆ ಕೇಳುತ್ತ, ಪತ್ರಿಕೆಯಲ್ಲಿ ಸತ್ತವರ ಹೆಸರನ್ನು ಬೆರಳಿಟ್ಟು ಓದುತ್ತ ಕೂರಬೇಕು. ಅದಕ್ಕಿಂತ ಇಲ್ಲಿ ಗುಂಡಿನ ಸದ್ದು ಕೇಳುವುದೇ ವಾಸಿ. ಈ ಭಯವನ್ನು ಅವಳು ಯಾರ ಮುಂದೂ ಆಡಲಿಲ್ಲ. ಗಂಡನ ಕುಂದುಗಳನ್ನು ಮಾತ್ರ ಡೇರೆಯಿಂದ ಡೇರೆಗೆ, ಇಸ್ತ್ರಿ ಬಟ್ಟೆಯ ಜೊತೆಗೇ ಹಂಚಿದಳು.

"ಮಹಾ ಹೆದರುಪುಕ್ಲ ಕಣ್ರೋ. ಗೂಬೆ ಕೂಗಿದ್ರೆ ಎದ್ದು ಕೂರ್ತಾನೆ."

"ಒಳ್ಳೇದೇ ಆಯ್ತಲ್ಲಕ್ಕ! ಪೂಲ್ ಕಾವಲಿಗೆ ನಿಂತ್ಕೊಂಡೇ ಗೊರಕೆ ಹೊಡೀತಾನೆ."

"ಬೈಯೋಕೆ ಬಾಯೇ ಇಲ್ಲ. ಹೇಸರಗತ್ತೆಗೂ 'ಸ್ವಲ್ಪ ಸರೀತೀಯಾ ತಾಯಿ' ಅಂತಾನೆ."

"ಸರೀತದಾ?"

"ಸರಿಯೋದೇನೋ ಸರೀತದೆ," ಎಂದವಳು ನಾಲಿಗೆ ಕಚ್ಚಿಕೊಂಡಳು. "ಇನ್ನೂ ಕೇಳಿ. ಒಂದು ಹಂದಿಮರಿ ಕೊಳ್ಳೋಕೆ ಐದು ಜನರನ್ನ ಕೇಳಿದ. ಸ್ವಂತ ಬುದ್ಧಿ ಅನ್ನೋದು ಕಾಳಷ್ಟೂ ಇಲ್ಲ."

ಡೇರೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂದ್ರೆ, ನಮ್ಮನ್ನ ಗುಂಡಿನ ಬಾಯಿಗೆ ಕಳಿಸೋ ಮುಂಚೆ ನಮ್ಮನ್ನೂ ಒಂದು ಮಾತು ಕೇಳ್ತಾನೆ ಅನ್ನು!" ಎಂದ ಬಾರ್ನಿ.

ಲವೀನಾ ಖಾಲಿ ಬುಟ್ಟಿ ಎತ್ತಿಕೊಂಡು ದಡದಡ ಹೊರಟುಹೋದಳು.

ಮಧ್ಯಾಹ್ನ ಮತದಾನ. ಓದು ಬಾರದವರು ಬಹಳ ಇದ್ದುದರಿಂದ ಹೈರಮ್‌ಗೆ ಒಂದು ಬಿಳಿ ಬೀನ್ಸ್ ಕಾಳು, ಪೂಲ್‌ಗೆ ಒಂದು ಕಾಫಿ ಬೀಜ ಎಂದು ಗೊತ್ತು ಮಾಡಿದ್ದರು. ಸಾಲಾಗಿ ಬಂದು ಮುಷ್ಟಿ ಮುಚ್ಚಿಕೊಂಡೇ ಸಾರಿನ ಹಂಡೆಯೊಳಗೆ ಕೈ ಇಳಿಬಿಟ್ಟು ಹೋದರು. ಎಲ್ಲ ಮುಗಿದ ಮೇಲೆ ಕ್ಯಾಪ್ಟನ್ ಆಗ್ಡನ್ ಹಂಡೆಯನ್ನು ನಗಾರಿಯ ಮೇಲೆ ಬೋರಲು ಹಾಕಿದ. ಕಾಳುಗಳು ಪಟಪಟನೆ ಕುಣಿದವು.

"ಪೂಲ್... ಪೂಲ್... ಸ್ಟ್ರೌಡ್... ಪೂಲ್..."

ಮೊದಮೊದಲು ಕಾಫಿ ಬೀಜವೇ ಮುಂದಿತ್ತು. ಲವೀನಾ ಉಸಿರು ಬಿಟ್ಟಳು. ದೇವರು ದೊಡ್ಡವನು ಎಂದುಕೊಳ್ಳುತ್ತ ಗಂಡನ ಕಡೆ ನೋಡಿದಳು.

ಹೈರಮ್ ಕೈಗಳನ್ನು ಹಿಂದೆ ಕಟ್ಟಿಕೊಂಡು ತನ್ನ ಬೂಟುಗಳನ್ನು ನೋಡುತ್ತ ನಗುತ್ತಿದ್ದ. ಆ ನಗೆ ಅವಳಿಗೆ ಚೆನ್ನಾಗಿ ಗೊತ್ತು. ಸುಗ್ಗಿಯ ಹೊತ್ತಿನಲ್ಲಿ ಆಳುಗಳ ಸಾಲಿನ ಮುಂದೆ ನಿಂತು ಸಾಹುಕಾರರು "ನೀನು ಬಾ, ನೀನೂ ಬಾ" ಎಂದು ಗಟ್ಟಿಮುಟ್ಟಾದವರನ್ನು ಆರಿಸಿಕೊಂಡು ಹೋದಾಗ, ಕೊನೆಯಲ್ಲಿ ಉಳಿದ ಹೈರಮ್ ನಗುತ್ತಿದ್ದುದು ಹೀಗೆಯೇ. ಪರವಾಗಿಲ್ಲ ಬಿಡಿ, ಎನ್ನುವ ಹಾಗೆ.

ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಸರಿಯಾಗಿ ಎಣಿಸಿ ಕ್ಯಾಪ್ಟನ್ ಸಾಹೇಬ್ರೇ!" ಇಡೀ ಮೈದಾನಕ್ಕೆ ಕೇಳುವಂತೆ ಅವಳು ಕೂಗಿದಳು. "ಆ ಪಕ್ಕದಲ್ಲಿ ಬಿಳೀದು ರಾಶಿ ಬಿದ್ದಿದೆ, ಕಾಣಲ್ವಾ?"

ದಳಕ್ಕೆ ದಳವೇ ಗೊಳ್ಳೆಂದಿತು. ಹೈರಮ್ ತಲೆಯೆತ್ತಿ ನೋಡಿದ, ಕಿವಿಯವರೆಗೂ ಕೆಂಪಾಗಿ.

"ಸ್ಟ್ರೌಡ್... ಸ್ಟ್ರೌಡ್... ಪೂಲ್... ಸ್ಟ್ರೌಡ್..." ಒಂದೊಂದು ಬಿಳಿ ಕಾಳಿಗೂ ಲವೀನಾಳ ಬೆರಳು ಮಡಚಿಕೊಳ್ಳುತ್ತಿತ್ತು. ಕೊನೆಗೆ ಬಿಳಿ ನಲವತ್ತನಾಲ್ಕು, ಕಾಫಿ ಮೂವತ್ತೊಂದು. ಟೋಪಿಗಳು ಹಾರಿದವು. ಹೈರಮ್‌ನನ್ನು ಹೆಗಲ ಮೇಲೆ ಹೊತ್ತವರ ಕಾಲು ಕೆಸರಿನಲ್ಲಿ ಜಾರಿ, ಹೊಸ ಲೆಫ್ಟಿನೆಂಟನ ಸಮೇತ ಎಲ್ಲರೂ ಉರುಳಿಬಿದ್ದರು.

"ಕಾಫಿ ಬೀಜ ಒಪ್ಪಿಕೊಂಡಿದ್ದೇ ನನ್ನ ತಪ್ಪು," ಎಂದು ಪೂಲ್ ಅವನನ್ನು ಕೈಹಿಡಿದು ಎಬ್ಬಿಸಿದ. "ನನ್ನ ಮತ ಅರ್ಧಕ್ಕರ್ಧ ಹಂಡೆಗೆ ಬೀಳದೆ ಇವರ ದವಡೆಯಲ್ಲಿದೆ!"

ಕ್ಯಾಪ್ಟನ್ ಲವೀನಾಳ ಹತ್ತಿರ ಬಂದು ಗಂಟಲು ಸರಿಪಡಿಸಿಕೊಂಡ. "ಕರ್ನಲ್ ಸಾಹೇಬ್ರ ಅಪ್ಪಣೆ ನಿಮಗೆ ಗೊತ್ತಲ್ಲಮ್ಮ."

"ಗೊತ್ತು."

"ಹೊಸ ಹೆಸರಿನ ಪಟ್ಟಿ ಹೋಗೋದು ತಿಂಗಳ ಕೊನೆಗೆ. ಇವತ್ತಿನ್ನೂ ಮೂರನೇ ತಾರೀಕು. ಅಲ್ಲೀವರೆಗೂ ಕಾಗದದ ಮೇಲೆ ಅವನು ಕಾರ್ಪೊರಲ್ಲೇ. ನನ್ನ ಅಕ್ಷರ ಬೇರೆ ಬಹಳ ನಿಧಾನ."

ಅವಳು ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ತುದಿಯಿಂದ ಮೂಗೊರೆಸಿಕೊಂಡು ತಲೆಯಾಡಿಸಿದಳು.

ಹೊಳೆಯ ದಡದಲ್ಲಿ ಅವಳು ಉಣ್ಣೆಯ ಕಂಬಳಿಗಳನ್ನು ಜಾಲಿಸುತ್ತಿದ್ದಾಗ ಹೈರಮ್ ಬಂದ. ಬೆನ್ನ ತುಂಬ ಕೆಸರು.

"ಡೇರೆ ಡೇರೆಗೂ ಹೋಗಿ ನನ್ನ ಮಾನ ಹರಾಜು ಹಾಕಿದೆಯಂತೆ?"

"ಹಾಕಿದೆ. ಇಷ್ಟು ಒಳ್ಳೆ ಬೆಲೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅವನು ಜೋರಾಗಿ ನಕ್ಕ. ಆಮೇಲೆ ಬೆರಳು ಮಡಚಿ ಎಣಿಸಿದ. "ಇನ್ನು ಇಪ್ಪತ್ತೇಳು ದಿನ, ಅಲ್ವೇನೇ?"

"ಲೆಫ್ಟಿನೆಂಟ್ ಸಾಹೇಬ್ರು ಮಾತು ಸಾಕು ಮಾಡಿ ಆ ತುದಿ ಹಿಡ್ಕೊಳ್ಳಲಿ."

ಹೈರಮ್ ಅಂಗಿಯ ತೋಳು ಮಡಚಿ ಕಂಬಳಿಯ ತುದಿ ಹಿಡಿದ. ಅವನು ಬಲಕ್ಕೆ ತಿರುವಿದ, ಅವಳು ಎಡಕ್ಕೆ. ಇಬ್ಬರ ನಡುವೆ ಕಂಬಳಿ ಹಗ್ಗದ ಹಾಗೆ ಬಿಗಿಯಿತು. ನೀರು ಧಾರೆಧಾರೆಯಾಗಿ ಕಲ್ಲುಗಳ ಮೇಲೆ ಸುರಿದು ಹೊಳೆಗೆ ಹರಿಯಿತು.