ತೋಳಳತೆಯ ಕೂಸು

ಪಿಯಾದಬಾಯಿ ಎಡಗೈಯನ್ನು ಮಣೆಯ ಮೇಲೆ ಚಾಚಿ ಕೂತಿದ್ದಳು. ವೆಂಕಟ್ರಮಣ ಗುಡಿಗಾರ ಅಳತೆಯ ದಾರವನ್ನು ಕೈಗೆತ್ತಿಕೊಳ್ಳಲಿಲ್ಲ.

"ಎಂತ ಮಾರಾಯ, ಕೈ ಜೋಮು ಹಿಡೀತು," ಎಂದಳು ಅವಳು. "ದಾರ ಇಲಿ ತಿಂದ್ಕಂಡು ಹೋಯ್ತಾ?"

"ಈ ಸಲ ಅಳತೆ ಬ್ಯಾಡ ಬಾಯಿ. ಇಗರ್ಜಿ ಹುಡ್ಗ ಆಗ್ನೆಲ್ ಹೇಳ್ಲಿಲ್ವಾ ನಿಮ್ಗೆ?"

"ಅವ ನನ್ನ ಹತ್ರ ಎಂತಕ್ಕೆ ಹೇಳ್ತಾನೆ? ಮೊಬೈಲು ತಗಂಡ ಮೇಲೆ ಅವ ಮನುಷ್ಯರ ಹತ್ರ ಮಾತಾಡೂದೇ ಬಿಟ್ಟಿದಾನೆ."

ವೆಂಕಟ್ರಮಣ ಜಗಲಿಯ ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದು ಮಲಗಿದ್ದ ಎರಡೂವರೆ ಅಡಿಯ ಮಣ್ಣಿನ ಕೂಸಿನ ಕಡೆ ನೋಡಿದ. ಪಿಯಾದಬಾಯಿಯೂ ಅತ್ತ ನೋಡಿದಳು. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

ಶಿರಸಿಯ ಇಗರ್ಜಿಗೆ ಕ್ರಿಸ್ಮಸ್ಸಿನ ಬಾಲಯೇಸುವನ್ನು ಮಾಡಿಕೊಡುವುದು ವೆಂಕಟ್ರಮಣನ ಮೂವತ್ತೆರಡು ವರ್ಷಗಳ ವಾಡಿಕೆ. ಚೌತಿಗೆ ಗಣಪತಿ, ಮದುವೆಗೆ ಬೆಂಡಿನ ಬಾಸಿಂಗ, ಡಿಸೆಂಬರಿಗೆ ಈ ಕೂಸು. ಮೊದಲ ವರ್ಷ ಅಂದಾಜಿನಲ್ಲಿ ಮಾಡಿದ್ದು ಭಾರವಾಗಿ, ಅದನ್ನು ಇಗರ್ಜಿಯ ಪಕ್ಕದ ಕೋಣೆಯಿಂದ, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ ಗೋದಲಿಯ ಹುಲ್ಲಿನವರೆಗೆ ಎತ್ತಿ ತರುತ್ತಿದ್ದ ಪಿಯಾದಬಾಯಿಯ ಕೈಯಿಂದ ಜಾರುವುದರಲ್ಲಿತ್ತು. ಅವಳು ಸೂಲಗಿತ್ತಿ. ಕೇರಿಯ ಅರ್ಧ ಮಕ್ಕಳು ಲೋಕ ಕಂಡದ್ದು ಅವಳ ಕೈಯಲ್ಲಿ, ವೆಂಕಟ್ರಮಣನ ಮಗಳು ಅನುಶ್ರೀಯೂ. "ಇದನ್ನೂ ಅವಳೇ ತರಲಿ" ಎಂದು ಆಗಿನ ಮುದಿ ಪಾದ್ರಿ ವಹಿಸಿದ್ದರು. ಮರುವರ್ಷದಿಂದ ವೆಂಕಟ್ರಮಣ ಅವಳ ಮೊಳಕೈಯ ಮಡಿಕೆಯಿಂದ ಮಣಿಕಟ್ಟಿನವರೆಗೆ ದಾರ ಹಿಡಿದು ಅಳೆಯತೊಡಗಿದ. ಅಳತೆ ಎಂದೂ ಬದಲಾಗಲಿಲ್ಲ. ಆದರೂ ಪ್ರತಿ ವರ್ಷ ಅವಳು ಬಂದು ಕೈ ಚಾಚುತ್ತಿದ್ದಳು, ಅವನು ಅಳೆಯುತ್ತಿದ್ದ.

ಕಣ್ಣನ್ನು ಮಾತ್ರ ಅವನು ಮನೆಯಲ್ಲಿ ಬರೆಯುತ್ತಿರಲಿಲ್ಲ. ಇಪ್ಪತ್ನಾಲ್ಕರ ಸಂಜೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ, ಪಿಯಾದಬಾಯಿಯ ತೋಳಿನಲ್ಲೇ ಕೂಸು ಮಲಗಿರುವಾಗ, ಎರಡು ಬೊಟ್ಟು ಕಪ್ಪು. ಪಾದ್ರಿಯೇ ಮೇಣದ ಬತ್ತಿ ಹಿಡಿದು ನಿಲ್ಲುತ್ತಿದ್ದರು. "ಇಲ್ಲೀವರೆಗೆ ನನ್ನ ಮಣ್ಣು, ಇನ್ನು ನಿಮ್ಮ ದೇವರು" ಎಂದು ಹೇಳಿ ಅವನು ಕುಂಚ ಒರೆಸಿಕೊಳ್ಳುತ್ತಿದ್ದ. ಪೂಜೆ ಮುಗಿದ ಮೇಲೆ ಜನ ಸಾಲಾಗಿ ಬಂದು ಕೂಸಿನ ಪಾದಕ್ಕೆ ಮುತ್ತಿಡುವರು. ಜನವರಿಯ ಮೂರು ರಾಯರ ಹಬ್ಬ ಕಳೆದು, ಸುಡದ ಮಣ್ಣು ಬಿರಿಯತೊಡಗಿದಾಗ ಅವಳೇ ಅದನ್ನು ಹೊತ್ತು ತರುವಳು. ಇಬ್ಬರೂ ಹೋಗಿ ಗಣಪತಿಯನ್ನು ಬಿಟ್ಟ ಕೆರೆಯಲ್ಲೇ ಬಿಟ್ಟು ಬರುವರು. ಅದು ಯಾವ ಧರ್ಮದ ಪದ್ಧತಿ ಎಂದು ಯಾರೂ ಕೇಳಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಆ ಡಿಸೆಂಬರಿನಲ್ಲಿ, ಪೇಟೆಯ ಟಿವಿ-ಮಿಕ್ಸರಿನ ಅಂಗಡಿಯವರು ಗೋದಲಿ ಸ್ಪರ್ಧೆ ಸಾರಿದ್ದರು. ಸಿದ್ದಾಪುರ, ಯಲ್ಲಾಪುರದ ಇಗರ್ಜಿಗಳೂ ಹೆಸರು ಕೊಟ್ಟಿದ್ದವು. ಯುವಕರ ಸಂಘದ ಆಗ್ನೆಲ್ ಸ್ಪರ್ಧೆಯ ಹಾಳೆ ಹಿಡಿದುಕೊಂಡು ಬಂದಿದ್ದ.

"ಗುಡಿಗಾರ್ರೇ, ತಿರುಗೂ ಗಿರಣಿ ಉಂಟು, ನೀರು ಬೀಳೂ ಜಲಪಾತ ಉಂಟು, ಮೂರು ಸಾವಿರ ಬಲ್ಬು ಉಂಟು. ಅದರ ನಡೂಗೆ ನಿಮ್ಮ ಗೇಣುದ್ದದ ಬಾಲಯೇಸು ಎಲ್ಲಿ ಕಾಣ್ತದೆ? ಭೂತಗನ್ನಡಿ ಇಡ್ಬೇಕು ಅಷ್ಟೇ. ಈ ಸಲ ದೊಡ್ಡದು ಮಾಡಿ. ಕೆನ್ನೆ ಕೆಂಪಿರ್ಲಿ, ನಗ್ತಾ ಇರ್ಲಿ. ನಿಮ್ಮ ಹೆಸ್ರು ಬೋರ್ಡಲ್ಲಿ ಹಾಕಸ್ತೇವೆ."

ಕೊನೆಯ ಮಾತಿಗೇ ವೆಂಕಟ್ರಮಣ ಒಪ್ಪಿದ್ದು. ಲಾರಿಯಲ್ಲಿ ಬಂದಿಳಿದ ಪ್ಲಾಸ್ಟರಿನ ಗಣಪತಿಗಳ ಮುಂದೆ ಆ ವರ್ಷ ಅವನ ಜಗಲಿಯಿಂದ ಹೊರಟವು ಹನ್ನೊಂದೇ. ನೀರಿನಲ್ಲಿ ಕರಗಿ ಹೋಗುವುದಕ್ಕೆ ಹೆಸರು ಬರೆಯುವವರು ಯಾರು? ಇಷ್ಟು ಆಯುಷ್ಯದಲ್ಲಿ ಅವನ ಹೆಸರು ಇದ್ದದ್ದು ರೇಶನ್ ಕಾರ್ಡಿನಲ್ಲಿ ಮತ್ತು ಮತದಾರರ ಪಟ್ಟಿಯಲ್ಲಿ.

"ಅಡ್ಡಿಲ್ಲ," ಎಂದಳು ಪಿಯಾದಬಾಯಿ ಎಲ್ಲವನ್ನೂ ಕೇಳಿ. "ದೊಡ್ಡದು ಅವರ ಸ್ಪರ್ಧೆಗಿರ್ಲಿ. ಎತ್ತಿ ಒಯ್ಯೂಕೆ ನಂಗೊಂದು ಸಣ್ಣದು ಮಾಡಿಕೊಡು. ಅದನ್ನ ಎತ್ತೂಕೆ ನಾಲ್ಕು ಜನ ಬೇಕು, ಹೆಣ ಹೊತ್ತ ಹಾಂಗೆ."

"ಮಾಡಿಕೊಡ್ತೆ ಬಾಯಿ."

"ಖರೆ?"

"ಕೊಡ್ತೆ ಅಂದ್ನಲ್ಲ. ಅಳತೆ ನೆನಪುಂಟು ನಂಗೆ."

ಅವಳು ಗೋಡೆ ಹಿಡಿದು ಎದ್ದು, ಮೆಟ್ಟಿಲಿಳಿದು ಹೋದಳು.

ಅದೇ ದಿನ ಅವನು ಹದಮಾಡಿದ ಮಣ್ಣಿನ ಒಂದು ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟ. ನಾಳೆ ಕೂತರಾಯಿತು, ನಾಡಿದ್ದು ಕೂತರಾಯಿತು. ಆದರೆ ದೊಡ್ಡದು ಅವನನ್ನು ಏಳಗೊಡಲಿಲ್ಲ. ಅಷ್ಟು ದೊಡ್ಡ ಮೈಯನ್ನು ಇಬ್ಬನಿಯ ದಿನಗಳಲ್ಲಿ ಒಣಗಿಸುವುದೇ ಒಂದು ಪಾಡು. ಹದಿನೈದನೇ ತಾರೀಕು ಬೆಳಿಗ್ಗೆ ನೋಡಿದರೆ ಬಲಭುಜದಿಂದ ಎದೆಯವರೆಗೆ ಬಿರುಕು. ಅವನು ಬದಿಗಿಟ್ಟ ಮುದ್ದೆಯನ್ನು ಬಿಚ್ಚಿ, ಚಿವುಟಿ ಚಿವುಟಿ ಬಿರುಕಿಗೆ ತುಂಬತೊಡಗಿದ.

ಚಾ ತಂದ ಹೆಂಡತಿ ಲಕ್ಷ್ಮೀ ಬಾಗಿಲಲ್ಲೇ ನಿಂತಳು. "ಅದು ಬಾಯಿದಲ್ದಾ?"

"ಬೇರೆ ಮಣ್ಣು ತಂದ್ರಾಯ್ತು."

"ತರೂದು ಯಾವಾಗ, ಕಲಸೂದು ಯಾವಾಗ, ಒಣಗೂದು ಯಾವಾಗ?"

"ಚಾ ಅಲ್ಲಿಡು," ಎಂದ ಅವನು.

ಮಣ್ಣು ತರಲು ಅವನು ಹೋಗಲಿಲ್ಲ. ಇಪ್ಪತ್ತರಂದು ಅಂಗಡಿಯವರ ವ್ಯಾನು ಫೋಟೋದವನನ್ನು ಕರೆದುಕೊಂಡು ಬಂತು. ಕರಪತ್ರಕ್ಕೆ ಚಿತ್ರ ಬೇಕಿತ್ತು. "ಕಣ್ಣಿಲ್ದೆ ಹ್ಯಾಂಗೆ ತೆಗೀತಾರೆ ಗುಡಿಗಾರ್ರೇ? ಕುರುಡು ಕೂಸು ಅಂತಾರೆ ಜನ," ಎಂದು ಆಗ್ನೆಲ್ ಅವಸರ ಮಾಡಿದ. ಬೀದಿಯಲ್ಲಿ ವ್ಯಾನಿನ ಹಾರ್ನು ಎರಡು ಸಲ ಕೂಗಿತು. ವೆಂಕಟ್ರಮಣ ಟ್ಯೂಬ್‌ಲೈಟಿನ ಕೆಳಗೇ ಬಗ್ಗಿ ಕಣ್ಣು ಬರೆದ. ಲಕ್ಷ್ಮೀ ಒಳಗಿನಿಂದ ದೀಪ ಹಚ್ಚಿ ತರುವಷ್ಟರಲ್ಲಿ ಮುಗಿದಿತ್ತು. ಅವಳು ದೀಪವನ್ನು ಏನು ಮಾಡುವುದೆಂದು ತಿಳಿಯದೆ ಅಂಗೈ ಮರೆ ಮಾಡಿಕೊಂಡು ನಿಂತಿದ್ದಳು.

ಇಪ್ಪತ್ನಾಲ್ಕರ ಸಂಜೆ ಬಣ್ಣ ಎಲ್ಲಾದರೂ ಕಿತ್ತಿದ್ದರೆ ತಿದ್ದೋಣವೆಂದು ಕುಂಚ, ಕರಟದಲ್ಲಿ ಕಪ್ಪು ತೆಗೆದುಕೊಂಡು ಅವನು ಇಗರ್ಜಿಗೆ ಹೋದ. ತಿದ್ದಲು ಏನೂ ಇರಲಿಲ್ಲ. ಹಸಿರು ಪ್ಲಾಸ್ಟಿಕ್ಕಿನ ಹುಲ್ಲಿನ ಮೇಲೆ ಕೂಸು ನಗುತ್ತಿತ್ತು, ಗಿರಣಿ ತಿರುಗುತ್ತಿತ್ತು. ಮೇಲೆ ಅಂಗಡಿಯ ಫಲಕ, ಕೆಳಗೆ ಬಂಗಾರದ ಬಣ್ಣದಲ್ಲಿ ಅವನ ಹೆಸರು. ಅವನು ಮೂರು ಸಲ ಓದಿಕೊಂಡ. ತೀರ್ಪುಗಾರರು ಬಂದು ಬೆನ್ನು ತಟ್ಟಿದರು. ಮುದುಕನೊಬ್ಬ ಹಗ್ಗದ ಬೇಲಿಯೊಳಗೆ ಬಗ್ಗಿ ಕೂಸಿನ ಪಾದದ ಕಡೆ ಕೈ ಚಾಚಿದಾಗ ಆಗ್ನೆಲ್ ಕೂಗಿದ: "ಅಜ್ಜಾ, ಮುಟ್ಬ್ಯಾಡಿ, ವಾಯರುಂಟು."

"ಎಂಕ್ಟ್ರಮಣಾ," ಎಂದು ಪಕ್ಕದ ಕೋಣೆಯ ಬಾಗಿಲಿನಿಂದ ಯಾರೋ ಕರೆದರು.

ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಅವನು ಒಳಗೆ ಹೋದ. ಕಿಟಕಿಯ ಕಟ್ಟೆಯ ಮೇಲೆ ಮೇಣದ ಬತ್ತಿ ಹೊತ್ತಿಸಿಟ್ಟು, ಪಿಯಾದಬಾಯಿ ಸ್ಟೂಲಿನ ಮೇಲೆ ಕೂತಿದ್ದಳು. ಎಡತೋಳಿನಲ್ಲಿ ಬಿಳಿ ಬಟ್ಟೆಯ ಗಂಟೊಂದಿತ್ತು.

"ಬಾಯಿ, ಆ ಸಣ್ಣದು... ಮಣ್ಣು ಎಲ್ಲ..."

"ಅಡ್ಡಿಲ್ಲ ಮಾರಾಯ. ದೊಡ್ಡ ಕೆಲಸ ಹಿಡಿದ್ರೆ ಹಾಂಗೇ. ನಾನೇ ಒಂದು ತಗಂಡು ಬಂದೆ. ಮೊಮ್ಮಗಳದ್ದು. ನಾಳೆ ಊಟದ ಹೊತ್ತಿಗೆ ವಾಪಸ್ ಕೊಡ್ತೆ ಅಂತ ಆಣೆ ಹಾಕಿಸ್ಕಂಡು ಕೊಟ್ಲು, ಕಳ್ಳಿ." ಅವಳು ಬಟ್ಟೆಯ ಒಂದು ಮಗ್ಗುಲು ಸರಿಸಿದಳು. "ನೋಡು, ಅಳತೆ ಸರಿ ಬಂತು."

ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ಗೊಂಬೆ. ಹಳದಿ ಕೂದಲನ್ನು ಒಂದು ಬಿಳಿ ಕುಲಾವಿಯೊಳಗೆ ತುರುಕಿದ್ದಳು. ಕಣ್ಣು ಮುಚ್ಚಿತ್ತು. ತಲೆ ಮೊಳಕೈಯ ಮಡಿಕೆಯಲ್ಲಿ, ಪಾದ ಮಣಿಕಟ್ಟಿನ ಹತ್ತಿರ.

"ನಿನ್ನ ಕೈದೊಂದು ಬೊಟ್ಟು ಬೀಳ್ಲಿ," ಎಂದಳು. "ಇಷ್ಟು ವರ್ಷ ಬಿದ್ದದ್ದು, ತಪ್ಪೂದು ಬ್ಯಾಡ."

ವೆಂಕಟ್ರಮಣ ಕುಂಚ ಅದ್ದಿದ. ಬಲಗೈಯನ್ನು ಎಡಗೈಯಿಂದ ಆನಿಸಿಕೊಂಡು ಬಗ್ಗಿದ. ಬೆಳಕಿಗೆ ಅನುಕೂಲವಾಗಲಿ ಎಂದು ಅವಳು ಗೊಂಬೆಯ ತಲೆಯನ್ನು ಕೊಂಚ ಎತ್ತಿದಳು. ಟಕ್ಕೆಂದು ಅದರ ರೆಪ್ಪೆ ತೆರೆಯಿತು. ನೀಲಿ ಕಣ್ಣು.

"ತಡಿ, ಸರಿ ಹಿಡೀತೆ." ಅವಳು ತೋಳು ಇಳಿಸಿದಳು. ಕಣ್ಣು ಮುಚ್ಚಿತು. ಅವನು ಬಗ್ಗಿದ, ಅವಳು ಎತ್ತಿದಳು, ಮತ್ತೆ ತೆರೆಯಿತು. ಹೊರಗೆ ಯಾರೋ ಮೈಕು ಕುಟ್ಟಿ ಪರೀಕ್ಷಿಸುತ್ತಿದ್ದರು.

ಪಿಯಾದಬಾಯಿ ಎರಡು ಬೆರಳಿನಿಂದ ಆ ರೆಪ್ಪೆಗಳನ್ನು ಕೆಳಗೆಳೆದು, ನೋಯಿಸಬಾರದೆಂಬಂತೆ ಹಗುರವಾಗಿ ಒತ್ತಿ ಹಿಡಿದಳು.

"ಈಗ ಬರಿ, ರೆಪ್ಪೆ ಮೇಲೇ," ಎಂದಳು.

ಕುಂಚದ ತುದಿಯಲ್ಲಿ ಕಪ್ಪು ಹನಿಗಟ್ಟುತ್ತಿತ್ತು.