ದಮ್ಮಾಮಿನ ಗೋಡೆಯ ಮೇಲಿನ ಸುಜಿತ್

"ಪರೀಕ್ಷೆ ಪಾಸಾದೋರೆಲ್ಲ ಕೌಂಟರಲ್ಲಿ ಕೂತ್ರೆ ಡಬ್ಬ ಹೊರೋನು ನಿಮ್ಮಪ್ಪನಾ? ಎತ್ತೋ ಕತ್ತೆ ನನ್ಮಗನೆ!"

ಮ್ಯಾನೇಜರ್ ಗುರುದತ್ ಮೈಸೂರಿನವರು. ಬೈಗುಳದಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಅಲ್ ಖಫ್ಜಿಯ ಔಷಧ ಗೋದಾಮಿನಲ್ಲಿ ಸುಜಿತ್ ಮತ್ತೊಂದು ಡಬ್ಬ ಹೆಗಲಿಗೇರಿಸಿದ. ಮಂಗಳೂರಿನಲ್ಲಿ ಬಿ.ಫಾರ್ಮಾ ಓದಿ, ಸೌದಿಯ ಫಾರ್ಮಸಿಸ್ಟ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ್ದ. ಲೈಸೆನ್ಸ್ ಬಂದ ದಿನವೇ ಗುರುದತ್ ಅದನ್ನು ಇಸಿದುಕೊಂಡಿದ್ದರು. ಕೌಂಟರ್ ಖಾಲಿಯಾದಾಗ ಕರೆಯುತ್ತೇನೆ ಎಂದಿದ್ದರು. ವರ್ಷವಾಯಿತು, ಕರೆ ಬರಲಿಲ್ಲ.

ಆ ವಾರ ಕಂಪನಿಯ ದಮ್ಮಾಮಿನ ಔಷಧದಂಗಡಿಗೆ ಸರಕು ಇಳಿಸುವವನು ರಜೆಯಲ್ಲಿದ್ದ. ವ್ಯಾನಿನ ಡ್ರೈವರ್ ನೋಣಯ ಸುಜಿತನನ್ನೇ ಕರೆದೊಯ್ದ. ದಾರಿಯುದ್ದಕ್ಕೂ ಒಳಗೊಳಗೇ ನಗು.

"ಎಂತ ನೋಣಯಣ್ಣ?"

"ನಿನಗೆ ನಿನ್ನನ್ನೇ ತೋರಿಸ್ತೇನೆ, ಬಾ ಮಾರಾಯ."

ಅಂಗಡಿಯ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಸುಜಿತನ ಲೈಸೆನ್ಸ್. ಅದರ ಕೆಳಗೆ, ತಿರುಗುವ ಕುರ್ಚಿಯಲ್ಲಿ, ಗುರುದತ್ತರ ಭಾವಮೈದ ಅಖಿಲೇಶ್. ಓದಿದ್ದು ಬಿ.ಕಾಂ.

"ಡಾಕ್ಟರ್ ಸುಜಿತ್, ಬಿಪಿ ಮಾತ್ರೆ ಬೇರೆ ಥರ ಕಾಣ್ತದಲ್ಲ?" ಭಟ್ಕಳದ ಹಾಜರಾ ಎಂಬ ಮುದುಕಿ ಅಖಿಲೇಶನನ್ನು ಕೇಳುತ್ತಿದ್ದಳು.

"ಎಲ್ಲಾ ಒಂದೇ ಆಂಟಿ, ಬಣ್ಣ ಬೇರೆ ಅಷ್ಟೆ."

ಸುಜಿತ್ ಡಬ್ಬ ಇಳಿಸಿ ಪೊಟ್ಟಣ ನೋಡಿದ. "ಅಮ್ಮ, ಇದು ಶುಗರಿನದ್ದು. ನುಂಗಬೇಡಿ." ಚೀಟಿ ಓದಿ, ಸರಿಯಾದ ಮಾತ್ರೆ ಹುಡುಕಿ ಕೊಟ್ಟ.

"ನೀ ಯಾರಪ್ಪ?"

ಅವನು ಗೋಡೆ ತೋರಿಸಿದ. ಮುದುಕಿ ಕನ್ನಡಕ ಸರಿಪಡಿಸಿಕೊಂಡಳು. "ಹೌದಲ್ಲ! ಫೋಟೋದಲ್ಲಿ ಸ್ವಲ್ಪ ದಪ್ಪ ಇದ್ದಿ."

ನೋಣಯ ಗೊಳ್ಳೆಂದ. ಸುಜಿತ್ ನಗಲಿಲ್ಲ. ಮೂಲೆಯ ಸ್ಟೂಲನ್ನು ಎಳೆದು ಹತ್ತಿ ಚೌಕಟ್ಟನ್ನು ಕಿತ್ತ.

"ಏಯ್, ಅದಿಲ್ದೆ ಅಂಗಡಿ ತೆಗೆಯಂಗಿಲ್ಲ ಕಣೋ!" ಅಖಿಲೇಶ್ ಕಿರುಚಿದ.

"ಗೊತ್ತುಂಟು. ಶಟರ್ ಎಳೀರಿ."

ವ್ಯಾನಿನಲ್ಲಿ ಚೌಕಟ್ಟು ತೊಡೆಯ ಮೇಲಿತ್ತು. ನೋಣಯ ಕೀಲಿ ತಿರುಗಿಸಿದ. "ಖಫ್ಜಿಗಾ?"

"ಅಲ್ಲ. ಇದನ್ನು ಕೊಟ್ಟ ಆಫೀಸಿಗೆ. ದೂರು ಕೊಡ್ಲಿಕ್ಕುಂಟು."

ನೋಣಯನ ನಗು ನಿಂತಿತು. "ಗುರುದತ್ ಬೋಳಿಮಗ ನಿನ್ನ ಇಕಾಮಾ ಕ್ಯಾನ್ಸಲ್ ಮಾಡಿಸಿ ಊರಿಗೆ ಓಡಿಸ್ತಾನೆ. ನನ್ನದೂ ಹೋಗ್ತದೆ."

"ನೀವು ಇಳೀರಿ. ನಾನು ಟ್ಯಾಕ್ಸಿ ಹಿಡೀತೇನೆ."

ನೋಣಯ ಇಳಿಯಲಿಲ್ಲ. ಗೇರ್ ಹಾಕಿದ. "ಬೆಲ್ಟ್ ಕಟ್ಟು. ಆಫೀಸು ಬೇಗ ಮುಚ್ತಾರೆ."

ತಿರುವಿನಲ್ಲಿ ಫೋನು ಹೊಡೆದುಕೊಂಡಿತು. ಗುರುದತ್. ಸುಜಿತ್ ಎತ್ತಿ ಕಿವಿಗಿಟ್ಟ.

"ಹಲೋ, ಫಾರ್ಮಸಿಸ್ಟ್ ಸುಜಿತ್ ಮಾತಾಡುದು. ಯಾರು ಬೇಕಿತ್ತು?"